ಸಕ್ಕರೆ ಕಾಯಿಲೆಯವರೂ ಸ್ಟೆರಾಯ್ಡ್ ಔಷಧಗಳೂ

ಒಂದೇ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗರಿದ್ದರೆ ಮೇಷ್ಟರ ಪಾಡೇನೆಂಬುದನ್ನು ಹಾಜರಿ ಕರೆದವರೇ ಬಲ್ಲರು. ಒಬ್ಬನ ತುಂಟತನಕ್ಕೆ ಇನ್ನೊಬ್ಬನು ಬೈಸಿಕೊಂಡಿರುತ್ತಾನೆ. ‘ಸ್ಟೆರಾಯ್ಡ್’ ಎಂಬ ಮಾತಿನ ಗತಿಯೂ ಈಗ ಹೀಗೆಯೇ ಆಗಿದೆ. ಉಬ್ಬಸಕ್ಕೆ ವೈದ್ಯರು ಬರೆದುಕೊಡುವ ಮಾತ್ರೆಯೂ ಸ್ಟೆರಾಯ್ಡೇ. ವ್ಯಾಯಾಮಶಾಲೆಯ ತರುಣರು ತೋಳು ಉಬ್ಬಿಸಿಕೊಳ್ಳಲು ಗುಟ್ಟಾಗಿ ಚುಚ್ಚಿಕೊಳ್ಳುವುದೂ ಸ್ಟೆರಾಯ್ಡೇ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಬರಿಯ ಶಬ್ದದ ಗೊಂದಲವಲ್ಲ.

ನಾನು ವೈದ್ಯನಲ್ಲ, ಕನ್ನಡ ಪಂಡಿತ. ಆದರೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆಯವನು. ಈ ಎರಡು ಬಗೆಯ ಔಷಧಗಳ ಆಟವನ್ನೂ ಹತ್ತಿರದಿಂದ ಕಂಡವನು. ದೇಹದೊಳಗಿನ ವ್ಯಾಪಾರಕ್ಕೆ ನಮ್ಮ ವಿಜ್ಞಾನದ ಪುಸ್ತಕಗಳಲ್ಲಿ ‘ಚಯಾಪಚಯ’ ಎಂಬ ಹೆಸರುಂಟು. ಬಿಡಿಸಿದರೆ ಚಯ, ಅಪಚಯ, ಸವರ್ಣದೀರ್ಘ ಸಂಧಿ. ಚಯವೆಂದರೆ ಕೂಡಿಸಿ ಕಟ್ಟುವುದು. ಅಪಚಯವೆಂದರೆ ಒಡೆದು ಕರಗಿಸುವುದು. ‘ಅನಬಾಲಿಕ್’ ಎನ್ನುವುದನ್ನು ಚಯಕಾರಿ ಎಂದರೆ ಸರಿಹೋಗುತ್ತದೆ. ಕಾರ್ಟಿಸೋನ್ ಮನೆತನದ್ದು ಸ್ನಾಯುವಿನ ಮಟ್ಟಿಗೆ ಅಪಚಯಕಾರಿ. ಎರಡರ ಅಣುಗಳೂ ಕೊಲೆಸ್ಟರಾಲಿನ ಅಚ್ಚಿನಲ್ಲೇ ಎರೆದಂಥವು. ಹೆಸರು ಒಂದಾಗಿರುವುದು ಆ ಕಾರಣದಿಂದ.

ಅಪಚಯಕಾರಿಯ ನಡತೆ ನೇರವಾದದ್ದು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಕೀಲುವಾತದ ರೋಗಿಗೆ ಮೊದಲು ಕಾರ್ಟಿಸೋನ್ ಕೊಟ್ಟರು. 1950ರಲ್ಲಿ ಆ ಕೆಲಸಕ್ಕೆ ನೊಬೆಲ್ ಬಹುಮಾನ ಬಂದಿತು. ಗುಣ ದೊಡ್ಡದು, ಬೆಲೆಯೂ ದೊಡ್ಡದು. ಅದು ಸ್ನಾಯುವಿನ ಸಾರವನ್ನು ಕರಗಿಸಿ ಯಕೃತ್ತಿಗೆ ಕಳುಹಿಸುತ್ತದೆ. ಯಕೃತ್ತು ಅದರಿಂದ ಸಕ್ಕರೆ ತಯಾರಿಸಿ ರಕ್ತಕ್ಕೆ ಸುರಿಯುತ್ತದೆ. ಇತ್ತ ಇನ್ಸುಲಿನ್ನಿನ ಮಾತನ್ನು ಅಂಗಾಂಗಗಳು ಕೇಳದಂತೆಯೂ ಆಗುತ್ತದೆ. ನನಗೆ ಉಬ್ಬಸ ಕೆರಳಿದಾಗ ಒಂದು ವಾರ ಪ್ರೆಡ್ನಿಸೋಲೋನ್ ನುಂಗಿದೆ. ಬೆಳಗಿನ ಬರಿಹೊಟ್ಟೆಯ ಪರೀಕ್ಷೆಯಲ್ಲಿ ಎಲ್ಲವೂ ಚೆನ್ನಾಗಿಯೇ ಇತ್ತು. ಸಂಜೆ ನೋಡಿಕೊಂಡರೆ ಮುನ್ನೂರರ ಮೇಲೆ! ಬೆಳಿಗ್ಗೆ ನುಂಗಿದ ಮಾತ್ರೆಯ ಪ್ರತಾಪ ಮಧ್ಯಾಹ್ನದ ಊಟದಿಂದ ಸಂಜೆಯವರೆಗೆ ಹೆಚ್ಚೆಂಬುದು ಆಗ ತಿಳಿಯಿತು. ಬೆಳಿಗ್ಗೆ ಮಾತ್ರ ಪರೀಕ್ಷಿಸುವವರು ಇದನ್ನು ಕಾಣುವುದೇ ಇಲ್ಲ. ಹಾಗೆಂದು ಬಹುದಿನ ತೆಗೆದುಕೊಂಡವರು ಹೆದರಿ ತಟಕ್ಕನೆ ನಿಲ್ಲಿಸುವಂತಿಲ್ಲ. ದೇಹವು ತನ್ನದೇ ಕಾರ್ಟಿಸೋಲನ್ನು ಮಾಡುವುದನ್ನು ಮರೆತಿರುತ್ತದೆ, ಪ್ರಾಣಕ್ಕೇ ಬಂದೀತು. 2021ರಲ್ಲಿ ಕೋವಿಡ್ಡಿನ ಎರಡನೆಯ ಅಲೆ ಬಂದಾಗ ಈ ಮನೆತನದ ಔಷಧವು ಆಮ್ಲಜನಕ ಬೇಕಾದ ಎಷ್ಟೋ ಜನರನ್ನು ಉಳಿಸಿತು. ಸಕ್ಕರೆ ಹತೋಟಿ ತಪ್ಪಿದ್ದವರಲ್ಲಿ ಅದೇ ಔಷಧವು ಕಪ್ಪು ಶಿಲೀಂಧ್ರಕ್ಕೆ ದಾರಿ ಬಿಟ್ಟುಕೊಟ್ಟದ್ದೂ ಉಂಟು. ಬೆಂಗಳೂರು, ಹುಬ್ಬಳ್ಳಿಯ ಆಸ್ಪತ್ರೆಗಳಲ್ಲಿ ಕಣ್ಣು ಕಳೆದುಕೊಂಡವರನ್ನು ಕಂಡವರು ಮರೆಯಲಾರರು.

ಚಯಕಾರಿಯ ನಡತೆ ಹೀಗೆ ನೇರವಲ್ಲ. ಗಂಡಸಿನ ಹಾರ್ಮೋನಾದ ಟೆಸ್ಟೋಸ್ಟಿರೋನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ್ದು 1935ರಲ್ಲಿ. ಅನಂತರ ಅದರ ತಮ್ಮಂದಿರು ಹಲವರು ಹುಟ್ಟಿದರು. ತರುಣರ ವಾದ ಹೀಗಿದೆ: ಸ್ನಾಯು ಸಕ್ಕರೆಯ ಕಣಜ, ಕಣಜ ದೊಡ್ಡದಾದರೆ ರಕ್ತದಲ್ಲಿ ಸಕ್ಕರೆ ತಗ್ಗಬೇಕಲ್ಲವೆ? ವಾದ ಪೂರಾ ಸುಳ್ಳಲ್ಲ. ಈ ಹಾರ್ಮೋನು ನಿಜವಾಗಿಯೂ ಕಡಮೆಯಿರುವ ಗಂಡಸರಿಗೆ ವೈದ್ಯರು ಅಳತೆಯರಿತು ಕೊಟ್ಟಾಗ ಸಕ್ಕರೆ ಸುಧಾರಿಸಿರುವುದುಂಟು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅದರ ಪ್ರಮಾಣ ಕಡಮೆ ಸಾಕಾದೀತೆಂದು ಈ ಔಷಧಗಳ ಜತೆಗಿರುವ ಕಾಗದದಲ್ಲಿಯೇ ಅಚ್ಚಾಗಿರುತ್ತದೆ. ಆದರೆ ಕೊರತೆಯನ್ನು ತುಂಬುವುದು ಬೇರೆ, ತುಂಬಿದ ಕೊಡಕ್ಕೆ ಮತ್ತೆ ಸುರಿಯುವುದು ಬೇರೆ. ಮಿತಿಮೀರಿ ಈ ಔಷಧಗಳನ್ನು ಬಳಸುತ್ತಿದ್ದ ಭಾರ ಎತ್ತುವ ಪಟುಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 1987ರಲ್ಲಿ ಪ್ರಕಟವಾಯಿತು. ಅವರ ಮೈಕಟ್ಟು ಏನೋ ಕಬ್ಬಿಣದಂತಿತ್ತು. ಇನ್ಸುಲಿನ್ನಿಗೆ ದೇಹ ಓಗೊಡುವುದು ಮಾತ್ರ ಕುಂದಿತ್ತು. ನುಂಗುವ ಮಾತ್ರೆಗಳಾದರೆ ಯಕೃತ್ತಿಗೂ ಪೆಟ್ಟು. ಹೊರಗಿನಿಂದ ಧಾರಾಳವಾಗಿ ಬರುತ್ತಿದ್ದರೆ ದೇಹವು ಸ್ವಂತ ತಯಾರಿಕೆಯನ್ನು ನಿಲ್ಲಿಸಿಬಿಡುತ್ತದೆ. ಚುಚ್ಚುಮದ್ದು ಬಿಟ್ಟ ಮೇಲೆ ತಿಂಗಳುಗಟ್ಟಲೆ ಕೊರತೆ, ಆ ಕೊರತೆಯಲ್ಲಿ ಸಕ್ಕರೆ ಮೇಲೇರುವುದು ಸುಲಭ. ಹೀಗೆ ಒಂದೇ ಔಷಧ, ಒಂದೇ ಮನುಷ್ಯ. ಒಂದು ತಿಂಗಳು ಇಳಿತ, ಇನ್ನೊಂದು ತಿಂಗಳು ಏರಿಕೆ. ಕೆಲವರು ಇದರ ಜತೆಗೆ ಬೆಳವಣಿಗೆಯ ಹಾರ್ಮೋನನ್ನೂ ಸೇರಿಸುತ್ತಾರೆ. ಅದಂತೂ ಸಕ್ಕರೆಯನ್ನು ಏರಿಸುವುದೇ ಸರಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎಂಟನೆಯ ತರಗತಿಯಿಂದಲೇ ಇನ್ಸುಲಿನ್ ಚುಚ್ಚಿಕೊಳ್ಳುವವನು. ಸೂಜಿಗೆ ಹೆದರದ ಹುಡುಗ. ಅದೇ ಮುಂದೆ ತೊಂದರೆಗೆ ಕಾರಣವಾಯಿತೋ ಏನೋ. ಈಗ ಇಪ್ಪತ್ತಾರು. ಆರು ತಿಂಗಳ ಹಿಂದೆ ಮನೆಗೆ ಬಂದಾಗ ಅಂಗಿಯ ತೋಳು ಹರಿಯುವಂತಿತ್ತು. “ಮೇಷ್ಟ್ರೇ, ಕಾಯಿಲೆ ವಾಸಿಯಾಗ್ತಾ ಇದೆ, ಇನ್ಸುಲಿನ್ ಅರ್ಧಕ್ಕಿಳಿಸಿದ್ದೇನೆ” ಎಂದ. ನಾನೂ ಸಂತೋಷಪಟ್ಟೆ, ಪೆದ್ದನಂತೆ! ಹದಿನೈದು ದಿನಕ್ಕೆ ಅವನ ತಾಯಿಯ ಫೋನು ಬಂತು. ನಡುರಾತ್ರಿ ಮೈಯೆಲ್ಲ ಬೆವತು, ನಡುಗಿ, ಮಾತು ತೊದಲಿ, ಯಾರೆಂದು ಗುರುತು ಹಿಡಿಯದೆ ಕುಳಿತಿದ್ದನಂತೆ. ಆಕೆ ಬುದ್ಧಿವಂತೆ. ಬೆರಳಿನ ರಕ್ತ ನೋಡಿದಾಗ 41. ಎಪ್ಪತ್ತಕ್ಕಿಂತ ಇಳಿದರೇ ಎಚ್ಚರಿಕೆ. ನುಂಗುವಷ್ಟು ಪ್ರಜ್ಞೆಯಿದ್ದುದರಿಂದ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಕಾಲುಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ, ಇನ್ನೊಮ್ಮೆ ಕುಡಿಸಿದರು. (ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಆಸ್ಪತ್ರೆಗೆ ಓಡಬೇಕು.) ಹುಡುಗ ಹೆದರಿ ಚುಚ್ಚುಮದ್ದನ್ನು ಬಿಟ್ಟ, ಇಳಿಸಿದ ಇನ್ಸುಲಿನ್ನನ್ನು ಏರಿಸಲು ಮಾತ್ರ ಮರೆತ. ಒಂದೆರಡು ತಿಂಗಳಲ್ಲಿ ಸಕ್ಕರೆ 380ಕ್ಕೆ ಹೋಯಿತು.

ಅವನನ್ನು ನೋಡುತ್ತಿದ್ದ ವೈದ್ಯರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಊಟ ಕೇಳಿದರು, ನಿದ್ದೆ ಕೇಳಿದರು, ಇನ್ಸುಲಿನ್ ಕೆಟ್ಟಿದೆಯೇನೋ ಎಂದು ಸೀಸೆಯನ್ನೂ ಬದಲಾಯಿಸಿದರು. ಬೈಗುಳಕ್ಕೆ ಹೆದರಿ ಇವನು ಬಾಯಿ ಬಿಟ್ಟಿರಲಿಲ್ಲ. ಕೊನೆಗೆ ನಾನೇ ಜತೆಯಲ್ಲಿ ಹೋದೆ. ವೈದ್ಯರು ಬೈಯಲಿಲ್ಲ. ಯಾವ ಔಷಧ, ಎಷ್ಟು, ಎಂದಿನಿಂದ ಎಂದು ಮೂರು ಪ್ರಶ್ನೆ ಕೇಳಿದರು. ಎಂದಿನಿಂದ ಎಂಬುದನ್ನು ಹೇಳಿದ. ಎಷ್ಟು ಎಂಬುದನ್ನು ಲೆಕ್ಕಹಾಕಿ ಹೇಳಿದ. ಯಾವುದೆಂಬುದಕ್ಕೆ ಜೇಬಿನಿಂದ ಖಾಲಿ ಸೀಸೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. ವೈದ್ಯರು ಕನ್ನಡಕ ಹಾಕಿ ನೋಡಿ ನನ್ನ ಕಡೆ ಚಾಚಿದರು. ಮೂವತ್ತು ವರ್ಷ ಅಕ್ಷರವನ್ನೇ ಕಲಿಸಿಕೊಂಡು ಬಂದ ನನಗೂ ಆ ಚೀಟಿಯ ಮೇಲಿದ್ದುದು ಯಾವ ದೇಶದ ಲಿಪಿಯೆಂದು ತಿಳಿಯಲಿಲ್ಲ.