‘ಪುಟ್’ ಕಲಿಸಲು ನಮ್ಮ ‘ಹಾಕು’ ಸಾಕು

ಚಿಪ್ಪಗಿರಿ, ಹರಿದಾಸ ವಿಜಯದಾಸರು 1755ರಲ್ಲಿ ದೇಹ ಬಿಟ್ಟ ಊರು. ಈ ‘ಬಿಟ್ಟ’ ಎಂಬುದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಈ ಊರಿರುವ ಆಲೂರು ತಾಲ್ಲೂಕು 1953ರಲ್ಲಿ ಆಂಧ್ರಕ್ಕೆ ಸೇರಿತು. ಹಾಗಾಗಿ ಈ ಭಾಗದ ಕನ್ನಡ ಮನೆಗಳ ಮಕ್ಕಳಿಗೆ ಬೀದಿಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷು.

ಅವರಿಗೆ ಇಂಗ್ಲಿಷ್ ಹೇಳಿಕೊಡುವ ನನಗೆ ಗೊತ್ತು, ‘ಪುಟ್’ ಬಂದರೆ ಮಕ್ಕಳು ಕಂಗಾಲು. ಪುಟ್ ಆಫ್ ಎಂದರೆ ಮುಂದೂಡು, ಪುಟ್ ಔಟ್ ಎಂದರೆ ಬೆಂಕಿ ಆರಿಸು, ಪುಟ್ ಅಪ್ ವಿತ್ ಎಂದರೆ ಸಹಿಸಿಕೊ. ಇಡುವುದಕ್ಕೂ ಸಹಿಸುವುದಕ್ಕೂ ಏನು ಸಂಬಂಧ ಸಾರ್, ಎನ್ನುತ್ತಾರೆ.

ಆಗ ‘ಹಾಕು’ ತೆಗೆಯುತ್ತೇನೆ. ಬೀಗ ಹಾಕು, ಲೆಕ್ಕ ಹಾಕು, ಕಣ್ಣು ಹಾಕು. ದೊಡ್ಡವರ ಮಾತಿಗೆ ಬಾಯಿ ಹಾಕಬೇಡ ಎಂದರೆ ಯಾವ ಮಗುವೂ ಬಾಯನ್ನು ಎಲ್ಲಿಗೆ ಹಾಕಲಿ ಎಂದು ಕೇಳುವುದಿಲ್ಲ. ಬೀಗ ಹಾಕು ಎನ್ನಲು ತೆಲುಗಿನಲ್ಲೂ ‘ತಾಳಂ ವೇಯಿ’ ಇದೆ. ಮದುವೆಯನ್ನು ಮುಂದಕ್ಕೆ ಹಾಕಿದರು ಎನ್ನುವಾಗಲಂತೂ ನಾವು ಆಡುವುದು ಹೆಚ್ಚುಕಡಿಮೆ ಪುಟ್ ಆಫ್ ಅನ್ನೇ. ಕ್ರಿಯಾಪದ ಸವೆದು ಹಗುರಾಗುತ್ತದೆ, ಅರ್ಥದ ಭಾರವನ್ನು ಜೊತೆಯ ಪದ ಹೊರುತ್ತದೆ. ಆ ಪದ ನಮ್ಮಲ್ಲಿ ಕ್ರಿಯಾಪದಕ್ಕಿಂತ ಮೊದಲು ಬರುತ್ತದೆ, ಇಂಗ್ಲಿಷಿನಲ್ಲಿ ಆಮೇಲೆ.

ಎಲ್ಲವೂ ಹೀಗೆ ಹೊಂದುವುದಿಲ್ಲ, ನಿಜ. ಪುಟ್ ಅಪ್ ವಿತ್ ಅನ್ನು ಇಡಿಯಾಗಿಯೇ ಕಲಿಯಬೇಕು.

ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಬೇಡಿ. ಮಕ್ಕಳ ಮನೆಮಾತಿನಿಂದಲೇ ಪಾಠ ಶುರುಮಾಡಿ.