ಇಪ್ಪತ್ತೈದು ಮೀಟರಿನ ಮಹಾಯಾತ್ರೆ

ಇಪ್ಪತ್ತೈದು ಮೀಟರು ದೂರವನ್ನು ನಡೆಯುವುದು ಪತ್ರಿಕೆಯಲ್ಲಿ ಅಚ್ಚಾಗತಕ್ಕ ಸಾಹಸವೇನೂ ಅಲ್ಲ. ಆದರೆ ನಡೆಯುವವರಿಗೆ ತೊಂಬತ್ತೊಂಬತ್ತು ವರ್ಷ ತುಂಬಿದ್ದು, ಹಿಂದೊಮ್ಮೆ ಸೊಂಟದ ಮೂಳೆ ಮುರಿದಿದ್ದು, ವಾಕರ್ ಹಿಡಿದೇ ಹೆಜ್ಜೆ ಇಡಬೇಕಾಗಿದ್ದರೆ ಅಷ್ಟು ದೂರವೂ ಒಂದು ಯಾತ್ರೆಯೇ ಸರಿ. ೨೦೨೦ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ, ಕೊರೋನಾ ಮಹಾಮಾರಿಗೆ ಅಂಜಿ ಇಂಗ್ಲೆಂಡು ಬಾಗಿಲು ಮುಚ್ಚಿ ಕುಳಿತಿದ್ದಾಗ, ಇಂತಹ ಯಾತ್ರೆಯನ್ನು ಕೈಗೊಂಡವರು ಬೆಡ್‌ಫರ್ಡ್‌ಷೈರಿನ ಕ್ಯಾಪ್ಟನ್ ಟಾಮ್ ಮೂರ್.

ನೂರು ಸುತ್ತಿನ ಸಂಕಲ್ಪ

೧೯೨೦ರ ಏಪ್ರಿಲ್ ೩೦ರಂದು ಯಾರ್ಕ್‌ಷೈರಿನ ಕೀತ್ಲಿಯಲ್ಲಿ ಜನಿಸಿದ ಮೂರ್, ಎರಡನೆಯ ಮಹಾಯುದ್ಧದಲ್ಲಿ ಭಾರತದಲ್ಲಿಯೂ ಬರ್ಮಾದಲ್ಲಿಯೂ ಸೇವೆ ಸಲ್ಲಿಸಿದ್ದ ಯೋಧರು. ೨೦೧೮ರಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ ತಮ್ಮನ್ನು ಉಪಚರಿಸಿದ ರಾಷ್ಟ್ರೀಯ ಆರೋಗ್ಯ ಸೇವೆಯ ಋಣವನ್ನು ಅವರು ಮರೆತಿರಲಿಲ್ಲ. ನೂರನೆಯ ಹುಟ್ಟುಹಬ್ಬದೊಳಗಾಗಿ ಮನೆಯ ಅಂಗಳದಲ್ಲಿ ನೂರು ಸುತ್ತು ನಡೆದು, ಆ ಸೇವೆಯ ಸಹಾಯಾರ್ಥವಾಗಿ ಸಾವಿರ ಪೌಂಡು ಕೂಡಿಸಬೇಕೆಂದು ಸಂಕಲ್ಪಿಸಿದರು. ಏಪ್ರಿಲ್ ೧೬ರಂದೇ ನೂರನೆಯ ಸುತ್ತು ಮುಗಿಯಿತು. ತಿಂಗಳು ಮುಗಿಯುವುದರೊಳಗೆ ಕೂಡಿದ ಹಣ ೩.೨ ಕೋಟಿ ಪೌಂಡನ್ನು ಮೀರಿತು. ಜುಲೈ ತಿಂಗಳಿನಲ್ಲಿ ಎಲಿಜಬೆತ್ ರಾಣಿಯವರು ವಿಂಡ್ಸರ್ ಅರಮನೆಯಲ್ಲಿ ಅವರಿಗೆ ‘ಸರ್’ ಪದವಿಯನ್ನು ದಯಪಾಲಿಸಿದರು.

ಹಣದ ಕಥೆ ಜಗತ್ತಿಗೆಲ್ಲ ತಿಳಿದಿದೆ. ಮನೆಯಲ್ಲಿ ವೃದ್ಧರಿರುವ ಸಂಸಾರಗಳು ಗಮನಿಸಬೇಕಾದುದು ಆ ನಡಿಗೆಯ ಲೆಕ್ಕವನ್ನು. ಒಂದು ಸುತ್ತಿಗೆ ೨೫ ಮೀಟರು. ದಿನಕ್ಕೆ ಹತ್ತು ಸುತ್ತಿನಂತೆ ೨೫೦ ಮೀಟರು. ನೂರು ಸುತ್ತು ಸೇರಿದರೆ ಎರಡೂವರೆ ಕಿಲೋಮೀಟರು. ತರುಣನೊಬ್ಬ ಅರ್ಧ ಗಂಟೆಯಲ್ಲಿ ನಡೆದು ಮುಗಿಸುವ ದಾರಿಯನ್ನು ಈ ವೃದ್ಧರು ತುಂಡು ತುಂಡಾಗಿ ಹಂಚಿಕೊಂಡು ಕ್ರಮಿಸಿದರು.

ಹಾಸಿಗೆ ಕೀಳುವ ಸುಂಕ

ಮುಪ್ಪಿನಲ್ಲಿ ಮಾಂಸಖಂಡಗಳು ತಾವಾಗಿಯೇ ಕ್ಷೀಣಿಸುತ್ತವೆ. ಅದಕ್ಕೆ ನಿಶ್ಚಲತೆಯೂ ಸೇರಿದರೆ ನಷ್ಟ ಅತಿ ಶೀಘ್ರ. ಅಮೆರಿಕದಲ್ಲಿ ನಡೆದು ೨೦೦೭ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಆರೋಗ್ಯವಂತರಾದ ಹಿರಿಯರು ಹತ್ತು ದಿನ ಹಾಸಿಗೆಯಲ್ಲಿಯೇ ಇದ್ದರು. ಅಷ್ಟರಲ್ಲಿಯೇ ಅವರ ಕಾಲುಗಳ ಮಾಂಸ ಸರಾಸರಿ ಒಂದು ಕಿಲೋಗ್ರಾಮಿನಷ್ಟು ಕರಗಿಹೋಗಿತ್ತು.

ಕಳೆದದ್ದು ಮರಳಿ ಬಾರದೆಂದು ನಿರಾಶರಾಗಬೇಕಾಗಿಲ್ಲ. ೧೯೯೦ರಲ್ಲಿ ಪ್ರಕಟವಾದ ಬಾಸ್ಟನ್ ನಗರದ ಪ್ರಯೋಗವೊಂದರಲ್ಲಿ ವೃದ್ಧಾಶ್ರಮವಾಸಿಗಳಾದ, ತೊಂಬತ್ತರ ಆಸುಪಾಸಿನ ದುರ್ಬಲರು ಎಂಟು ವಾರ ವೈದ್ಯರ ಕಣ್ಗಾವಲಿನಲ್ಲಿ ತೂಕವನ್ನೆತ್ತುವ ಕಾಲಿನ ವ್ಯಾಯಾಮ ಮಾಡಿದರು. ಅವರ ಕಾಲಿನ ಶಕ್ತಿ ಸರಾಸರಿ ಎರಡೂವರೆ ಪಟ್ಟನ್ನೂ ಮೀರಿ ಬೆಳೆಯಿತು. ಇಬ್ಬರು ಊರುಗೋಲನ್ನೇ ಬದಿಗಿಟ್ಟರು.

ಮನೆಯೇ ಉದ್ಯಾನ

೨೦೨೦ರ ಮಾರ್ಚ್ ೨೫ರಂದು ಭಾರತದಲ್ಲಿಯೂ ಲಾಕ್‌ಡೌನ್ ಜಾರಿಗೆ ಬಂದಾಗ, ಲಾಲ್‌ಬಾಗಿನಲ್ಲಿಯೂ ಕಬ್ಬನ್ ಪಾರ್ಕಿನಲ್ಲಿಯೂ ಬೆಳಗಿನ ನಡಿಗೆಗೆ ಹೋಗುತ್ತಿದ್ದ ಬೆಂಗಳೂರಿನ ಹಿರಿಯರಿಗೆ ಮನೆಯ ಗೋಡೆಗಳೇ ಗಡಿಯಾದುವು. ಆ ಗಡಿಯೊಳಗೆ ಒಂದು ಅಪಾಯ ಪ್ರೀತಿಯ ರೂಪದಲ್ಲಿಯೇ ಬರುತ್ತದೆ. “ನೀವು ಏಳಬೇಡಿ ಮಾವನವರೇ, ಅಲ್ಲಿಗೇ ತಂದುಕೊಡುತ್ತೇನೆ” ಎಂದು ಸೊಸೆ ಹೇಳುವುದು ಅಕ್ಕರೆಯಿಂದಲೇ. ಆದರೆ ಕಾಫಿ, ಪತ್ರಿಕೆ, ಕನ್ನಡಕ, ಎಲ್ಲವೂ ಕುಳಿತಲ್ಲಿಗೇ ಬಂದರೆ ದಿನಕ್ಕೆ ಹತ್ತು ಬಾರಿ ಎದ್ದು ಕೂರುವ ಸಂದರ್ಭವೇ ತಪ್ಪಿಹೋಗುತ್ತದೆ.

ಗಟ್ಟಿಯಾದ ಕುರ್ಚಿಯಿಂದ ಮೆಲ್ಲನೆ ಎದ್ದು ಮತ್ತೆ ಕೂರುವುದೇ ತೊಡೆಗಳಿಗೆ ಉತ್ತಮ ವ್ಯಾಯಾಮ. ಅಡಿಗೆಮನೆಯ ಕಟ್ಟೆಯನ್ನು ಹಿಡಿದು ಹಿಮ್ಮಡಿಯನ್ನೆತ್ತಿ ನಿಲ್ಲುವುದರಿಂದ ಮೀನಖಂಡ ಬಲಗೊಳ್ಳುತ್ತದೆ, ದೇಹದ ಸಮತೋಲ ಸುಧಾರಿಸುತ್ತದೆ. ಪಡಸಾಲೆಯಲ್ಲಿ ಊಟವಾದ ಮೇಲೆ ನಾಲ್ಕು ಸುತ್ತು, ಸಂಜೆ ನಾಲ್ಕು ಸುತ್ತು ನಡೆದರೂ ಸಾಕಷ್ಟಾಯಿತು. ೨೦೨೦ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ೬೫ ದಾಟಿದವರು ವಾರಕ್ಕೆ ೧೫೦ ನಿಮಿಷವಾದರೂ ಮಿತಶ್ರಮದ ಚಟುವಟಿಕೆ ನಡೆಸಬೇಕೆಂದೂ, ವಾರದಲ್ಲಿ ಮೂರು ದಿನವಾದರೂ ಶಕ್ತಿ ಮತ್ತು ಸಮತೋಲಗಳ ಅಭ್ಯಾಸ ಮಾಡಬೇಕೆಂದೂ ಸೂಚಿಸಿತು. ಅಷ್ಟು ಸಾಧ್ಯವಾಗದ ದುರ್ಬಲರು ಕೈಲಾದಷ್ಟು ಮಾಡಿದರೂ ಪ್ರಯೋಜನವುಂಟೆಂಬುದೇ ಅದರ ಅಭಿಪ್ರಾಯ.

ಎಚ್ಚರಿಕೆಯೂ ಅಗತ್ಯ. ಜಾರುವ ಚಾಪೆ, ಒದ್ದೆ ನೆಲ, ಮಂದ ಬೆಳಕು ಇವು ವೃದ್ಧರ ವೈರಿಗಳು. ಹೃದ್ರೋಗವಿದ್ದವರು, ಆಗಾಗ ಬೀಳುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಎದೆನೋವು, ತಲೆಸುತ್ತು ಕಂಡುಬಂದರೆ ಕೂಡಲೇ ನಿಲ್ಲಿಸಬೇಕು.

ನಡಿಗೆ ಸೋಂಕನ್ನು ತಡೆಯುವ ಕವಚವಲ್ಲ. ಸರ್ ಟಾಮ್ ಮೂರ್ ೨೦೨೧ರ ಫೆಬ್ರವರಿ ೨ರಂದು, ನ್ಯುಮೋನಿಯಾದ ಜೊತೆಗೆ ಕೊರೋನಾ ಸೋಂಕಿಗೂ ಗುರಿಯಾಗಿ, ಬೆಡ್‌ಫರ್ಡಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ನಡಿಗೆಯಿಂದ ಉಳಿಯುವುದು ಬೇರೊಂದು ಸಂಪತ್ತು: ಹಾಸಿಗೆಯಿಂದ ತಾನಾಗಿ ಏಳುವ, ಬಚ್ಚಲುಮನೆಗೆ ತಾನಾಗಿ ಹೋಗಿಬರುವ, ಬಾಗಿಲಿಗೆ ಬಂದ ಮೊಮ್ಮಗುವನ್ನು ನಿಂತು ಬರಮಾಡಿಕೊಳ್ಳುವ ಸ್ವಾತಂತ್ರ್ಯ. ಇಳಿವಯಸ್ಸಿನಲ್ಲಿ ಇದಕ್ಕಿಂತ ಮಿಗಿಲಾದ ಐಶ್ವರ್ಯ ಹೆಚ್ಚೇನೂ ಇಲ್ಲ.