ಗಾಡಿಗೆ ಹೋದದ್ದು, ಹೆಗಲ ಮೇಲೆ ಉಳಿದದ್ದು

ಆತ್ಮಕೂರು ದಾಟಿ ವೆಂಕಟಾಪುರ ಮುಟ್ಟಿದ ಮೇಲೆ ಗಾಡಿಯ ದಾರಿ ಬೇರೆ, ಕಾಲಿನ ದಾರಿ ಬೇರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯಿಂದ ಅಷ್ಟೂ ದಿನ ಬೆನ್ನಿಗೇ ಬಂದ ಟ್ರ್ಯಾಕ್ಟರ್, ಟಂಟಂಗಳು ಇಲ್ಲಿಂದ ದೋರ್ನಾಳದ ಡಾಂಬರು ರಸ್ತೆ ಹಿಡಿಯುತ್ತವೆ. ಶ್ರೀಶೈಲಕ್ಕೆ ಹೊರಟ ಪಾದಯಾತ್ರಿಗಳು ನಲ್ಲಮಲ ಕಾಡು ಹೊಗುತ್ತಾರೆ. ನಾಗಲೂಟಿಯ ವೀರಭದ್ರ, ಪೆಚ್ಚೆರುವು, ಭೀಮನಕೊಳ್ಳ, ಕೊನೆಗೆ ಕೈಲಾಸ ದ್ವಾರ. ಸುಮಾರು 40 ಕಿ.ಮೀ. ಏರಿಳಿತ, ನಡುವೆ ನೀರಿಗೆ ಬರ. ದೇಶದ ಅತಿ ದೊಡ್ಡ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಹಾಯುವ ಈ ಕಾಲುದಾರಿಯನ್ನು ಅರಣ್ಯ ಇಲಾಖೆ ಶಿವರಾತ್ರಿ ಮತ್ತು ಯುಗಾದಿಯ ಹೊತ್ತಿಗೆ ಮಾತ್ರ ಯಾತ್ರಿಕರಿಗೆ ಬಿಟ್ಟುಕೊಡುತ್ತದೆ.

ಕಾಡಿನ ಅಂಚಿನಲ್ಲಿ ಗಂಟು ಬಿಚ್ಚುವ ಕೆಲಸ ನಡೆಯುತ್ತದೆ. ಟವೆಲ್ಲು ಹಾಸಿ ಒಂದೊಂದೇ ಸಾಮಾನು ಹೊರಗೆ ಇಡುತ್ತಾರೆ. ಕೌದಿ ಗಾಡಿಗೆ. ಹಿಟ್ಟಿನ ಡಬ್ಬಿ, ತಾಟು, ಚರಿಗೆ ಗಾಡಿಗೆ. ಬದಲಿ ಬಟ್ಟೆಯೂ ಗಾಡಿಗೆ. ಎರಡು ದಿನಕ್ಕಾಗುವಷ್ಟು ರೊಟ್ಟಿ, ಹಿಂಡಿ, ನೀರಿನ ಬಾಟಲಿ, ಬ್ಯಾಟರಿ ಮಾತ್ರ ಕೈಯಲ್ಲಿ. ಇಷ್ಟು ಕಟ್ಟುನಿಟ್ಟಾಗಿ ಭಾರ ಇಳಿಸಿದವರು ಒಂದು ಹೊಸ ಇಳಕಲ್ ಸೀರೆ, ಖಣ, ಬಳೆ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣ ಕೊಂಬುಗಳಿರುವ ಗಂಟನ್ನು ಮಾತ್ರ ತಿರುಗಿ ಕಟ್ಟಿ ತಲೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಅದನ್ನೂ ಗಾಡಿಯಲ್ಲಿ ಕಳಿಸಬಹುದಿತ್ತು. ಮೇಲೆ ಶ್ರೀಶೈಲದಲ್ಲಿ ಗಾಡಿ ಕಾದು ನಿಂತೇ ಇರುತ್ತದೆ. ಆದರೆ ಆ ಸೀರೆಯನ್ನು ಗಾಡಿಗೆ ಹಾಕಲು ನಮ್ಮ ಹೆಂಗಸರು ಒಪ್ಪುವುದಿಲ್ಲ.

ನಡೆಯುವವರ ಹೊರೆಯ ಕಥೆ ಎಲ್ಲ ಕಡೆ ಒಂದೇ ರೀತಿ ಶುರುವಾಗುತ್ತದೆ: ಏನನ್ನು ಬಿಡಬೇಕು? ಅಮೆರಿಕದಲ್ಲಿ 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ ತಾನೇ ಹೊಲಿದ ಒಂದು ಡೆನಿಮ್ ಚೀಲ ಹೆಗಲಿಗೆ ಹಾಕಿಕೊಂಡು 3,300 ಕಿ.ಮೀ.ಗಳಷ್ಟು ಉದ್ದದ ಅಪಲಾಚಿಯನ್ ಕಾಲುದಾರಿಯನ್ನು ಒಬ್ಬಳೇ ನಡೆದು ಮುಗಿಸಿದಳು. ಡೇರೆ ಇಲ್ಲ, ಮಲಗುವ ಚೀಲ ಇಲ್ಲ. ಮಳೆ ಬಂದರೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ ಹೊದ್ದುಕೊಳ್ಳುತ್ತಿದ್ದಳು. 1992ರಲ್ಲಿ ರೇ ಜಾರ್ಡಿನ್ ಬರೆದ ಕೈಪಿಡಿ ಬಂದ ಮೇಲೆ ಹಗುರ ನಡಿಗೆಯದೇ ಒಂದು ಪಂಥ ಬೆಳೆಯಿತು. ಅನ್ನ-ನೀರು ಬಿಟ್ಟು ಉಳಿದ ಸಾಮಾನು ನಾಲ್ಕೂವರೆ ಕಿಲೋ ಒಳಗೆ ಇರಬೇಕು ಎಂಬುದು ಅವರ ಲೆಕ್ಕ. ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆಯನ್ನೂ ಕತ್ತರಿಸಿ ಗ್ರಾಂ ಉಳಿಸುವ ಅದೇ ಜನ ಒಂದು ವಸ್ತುವಿಗೆ ಮಾತ್ರ ವಿನಾಯಿತಿ ಕೊಟ್ಟುಕೊಳ್ಳುತ್ತಾರೆ. ಒಬ್ಬರಿಗೆ ದಿಂಬು, ಒಬ್ಬರಿಗೆ ಪುಸ್ತಕ, ಒಬ್ಬರಿಗೆ ಪುಟ್ಟ ತಂತಿವಾದ್ಯ. ಅದು ಅವರ ಐಷಾರಾಮ. ಭಾರ ಅನ್ನಿಸಿದರೂ ಬಿಡುವುದಿಲ್ಲ. ಅವರ ವಿನಾಯಿತಿ ತಮ್ಮ ಸುಖಕ್ಕೆ. ನಮ್ಮ ಕಡೆಯವರು ಹೊರುವ ಹೆಚ್ಚಿನ ಭಾರ ಬೇರೆ ಯಾರಿಗೋ ಸೇರಿದ್ದು. ಇದು ಹೇಗೆ ಬಂತು ಎಂದು ನೋಡಲು ಹೊರೆಯನ್ನು ಮೊದಲಿನಿಂದ ಬಿಚ್ಚಬೇಕು.

ವಿಜಯಪುರ ಜಿಲ್ಲೆಯಿಂದ ಶ್ರೀಶೈಲಕ್ಕೆ ನಡೆಯುವುದು ಇಂದಿನ ರೂಢಿಯಲ್ಲ. ಇಂಡಿಗೆ ಹತ್ತಿರದ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ ಸಿದ್ಧರಾಮ ಹುಡುಗನಾಗಿದ್ದಾಗ ಶ್ರೀಶೈಲದ ದೇವರು ಮಲ್ಲಯ್ಯನನ್ನು ಅರಸಿ ಹೊರಟದ್ದನ್ನು ರಾಘವಾಂಕ ತನ್ನ ಕಾವ್ಯದಲ್ಲಿ ಹೇಳಿದ್ದಾನೆ. ದನ ಕಾಯುವ ಹುಡುಗನ ಬಳಿ ಬಂದ ಜಂಗಮ ಮಜ್ಜಿಗೆ ಅನ್ನ ಬೇಡುತ್ತಾನೆ. ತಾಯಿ ಸುಗ್ಗವ್ವೆಯಿಂದ ಅದನ್ನು ತರುವಷ್ಟರಲ್ಲಿ ಜಂಗಮ ಇಲ್ಲ. ಅತ್ತು ಕರೆದು ಹುಡುಕುವ ಹುಡುಗ ಶ್ರೀಶೈಲಕ್ಕೆ ಹೊರಟ ಯಾತ್ರಿಕರ ಹಿಂದೆ ಬೀಳುತ್ತಾನೆ. ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಎರಡು. ಒಂದು, ಆ ಕಾಲಕ್ಕಾಗಲೇ ಈ ಸೀಮೆಯಿಂದ ತಂಡ ಕಟ್ಟಿಕೊಂಡು ಮಲ್ಲಯ್ಯನಲ್ಲಿಗೆ ನಡೆಯುವುದು ಜನಕ್ಕೆ ತಿಳಿದ ಮಾತಾಗಿತ್ತು. ಎರಡು, ದೇವರು ಉಣ್ಣಲು ಬೇಡಿದ್ದು, ಹುಡುಗ ಉಣಿಸಲು ಓಡಿದ್ದು. ದೇವರು ಮನೆಯ ನೆಂಟ ಎಂಬ ಸಲಿಗೆ ಅಲ್ಲಿಯೇ ಇದೆ.

ಸಿದ್ಧರಾಮನ ಕಾಲವಾದ ಅದೇ 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದಳು. ಅವಳು ಉಟ್ಟ ಬಟ್ಟೆಯನ್ನೂ ಬಿಟ್ಟು ಹೊರಟವಳು. ಹಗುರಾಗಿ ನಡೆಯುವುದರಲ್ಲಿ ಅವಳ ಆಚೆ ಇನ್ನೊಂದು ಮೆಟ್ಟಿಲಿಲ್ಲ. ಜಂಗಮರ ಹೊರೆಯೂ ಸಣ್ಣದೇ: ಜೋಳಿಗೆ, ದಂಡ, ಕೊರಳಲ್ಲಿ ಇಷ್ಟಲಿಂಗ. 14ನೇ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೆ ಕಲ್ಲಿನ ಮೆಟ್ಟಿಲು ಕಟ್ಟಿಸಿದ ಮೇಲೆ ಸಂಸಾರಿಗಳಿಗೂ ಬೆಟ್ಟ ಸ್ವಲ್ಪ ಸಲೀಸಾಯಿತು. ಸಂಸಾರಿಗಳು ನಡೆದರೆ ಸಂಸಾರವೂ ಜೊತೆಗೆ ನಡೆಯುತ್ತದೆ. ಹೊರೆ ಬೆಳೆದದ್ದು ಅಲ್ಲಿಂದ ಎಂದು ನನ್ನ ಎಣಿಕೆ.

ನಮ್ಮ ಕಡೆಯವರು ನಡೆಯುವುದು ಯುಗಾದಿಗೆ. ಯುಗಾದಿಯೇ ಯಾಕೆ ಎಂಬುದಕ್ಕೆ ಉತ್ತರ ಹೊಲದಲ್ಲಿದೆ. ಡೋಣಿ ಸಾಲಿನ ಬಿಳಿಜೋಳ ಹಿಂಗಾರಿ ಬೆಳೆ. ಮಾಘ, ಫಾಲ್ಗುಣದ ಹೊತ್ತಿಗೆ ರಾಶಿ ಮುಗಿದು ಕಾಳು ಮನೆ ಸೇರುತ್ತದೆ. ಮುಂಗಾರಿನ ತನಕ ಎತ್ತಿಗೂ ಆಳಿಗೂ ಬಿಡುವು. ಹೊಸ ಜೋಳ ಮನೆಯಲ್ಲಿದೆ, ಕೈಯಲ್ಲಿ ನಾಲ್ಕು ಕಾಸಿದೆ, ಕಾಲಿಗೆ ಕೆಲಸವಿಲ್ಲ. ಬಿಸಿಲೊಂದೇ ಅಡ್ಡಿ. ಅದಕ್ಕೆಂದೇ ಬೆಳಗಿನ ಜಾವ ಎದ್ದು ನಡೆದು, ಹೊತ್ತೇರಿದ ಮೇಲೆ ಗಿಡದ ನೆರಳು ಹಿಡಿದು, ಸಂಜೆ ಮತ್ತೆ ಕಾಲು ಕೀಳುವುದು ಈ ದಾರಿಯ ಕ್ರಮ. ಮುದ್ದೇಬಿಹಾಳ, ನಾಲತವಾಡ, ನಾರಾಯಣಪುರ ಹಾದು ಕೃಷ್ಣೆ ದಾಟಿ ಲಿಂಗಸುಗೂರು. ಮುಂದೆ ರಾಯಚೂರು ಸೀಮೆ, ಕರ್ನೂಲು, ಆತ್ಮಕೂರು. ಇಂಡಿ, ಸಿಂದಗಿಯವರಿಗೆ ಒಟ್ಟು 400 ಕಿ.ಮೀ.ಗೂ ಮೇಲೆ.

ಮೋಟಾರು ಇಲ್ಲದ ಕಾಲದಲ್ಲಿ ಇಷ್ಟು ದೂರಕ್ಕೆ ಬೇಕಾದದ್ದೆಲ್ಲ ಎತ್ತಿನ ಬಂಡಿಯಲ್ಲಿ, ಬಂಡಿ ಇಲ್ಲದವರದು ಹೆಗಲಲ್ಲಿ. ಆಗಲೂ ನಮ್ಮ ಹೆಂಗಸರಿಗೆ ಭಾರದ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಬುತ್ತಿಯ ಭಾರವೆಂದರೆ ಅರ್ಧಕ್ಕರ್ಧ ನೀರಿನ ಭಾರ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಬಡಿದು, ಸುಟ್ಟು, ಕಾವಲಿಯ ಬಿಸಿಗೆ ಒರಗಿಸಿ ಕಡಕ್ ಮಾಡಿದರೆ ಅದರೊಳಗಿನ ನೀರೆಲ್ಲ ಹೋಗುತ್ತದೆ. ತೂಕ ಇಳಿಯುತ್ತದೆ, ವಾರಗಟ್ಟಲೆ ಕೆಡುವುದಿಲ್ಲ, ಬೂಸಲು ಹಿಡಿಯುವುದಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಎಲ್ಲವೂ ಒಣ ಪುಡಿ, ಎಲ್ಲವೂ ಎಣ್ಣೆಕಾಳು. ತಿಂದದ್ದು ತುಸುವಾದರೂ ಕಸುವು ಬಹಳ. ಮಾದಲಿಯದೂ ಅದೇ ಜಾಣತನ. ಗೋಧಿಯ ದಪ್ಪ ರೊಟ್ಟಿ ಬೇಯಿಸಿ, ಮುರಿದು, ಒಣಗಿಸಿ, ಕುಟ್ಟಿ, ಬೆಲ್ಲ, ಕೊಬ್ಬರಿ, ಗಸಗಸೆ, ಏಲಕ್ಕಿ ಬೆರೆಸಿದರೆ ಒಂದು ಡಬ್ಬಿಯಲ್ಲಿ ಹಬ್ಬದೂಟ ತುಂಬಿದಂತೆ. ಆದರೆ ಮಾದಲಿಗೆ ತುಪ್ಪ ಬೇಕು. ಹಾಲು ದಾರಿಯ ಊರಲ್ಲಿ ಸಿಕ್ಕೀತು, ಮನೆಯ ತುಪ್ಪ ಸಿಗದು. ಹಾಗಾಗಿ ಅಷ್ಟೆಲ್ಲ ಒಣಗಿಸಿ ಹಗುರ ಮಾಡಿದ ಬುತ್ತಿಯ ನಡುವೆ ಒಂದು ತುಪ್ಪದ ಗಿಂಡಿ ಕೂರುತ್ತದೆ. ಬುತ್ತಿಯಲ್ಲಿ ಐಷಾರಾಮ ಅನ್ನುವುದಿದ್ದರೆ ಅದೇ.

ಆಮೇಲೆ ದಾಸೋಹ ಬೆಳೆಯಿತು. ಯಾತ್ರಿಗಳಿಗೆ ಉಣಿಸುವುದು ಹಳೆಯ ರೂಢಿಯೇ. ಈಗ ಲಿಂಗಸುಗೂರಿನ ಆಚೆ, ರಾಯಚೂರಿನ ಸುತ್ತ, ಆಂಧ್ರದ ಹಳ್ಳಿಗಳಲ್ಲೂ ಹೆಜ್ಜೆಹೆಜ್ಜೆಗೆ ಪೆಂಡಾಲು. ಅನ್ನ-ಸಾರು, ಮಜ್ಜಿಗೆ, ಕಲ್ಲಂಗಡಿ, ಬಾಳೆಹಣ್ಣು, ಕಾಲಿಗೆ ಹಚ್ಚಲು ಎಣ್ಣೆ, ಬೊಬ್ಬೆಗೆ ಮುಲಾಮು, ಗುಳಿಗೆ. ಕಾಲು ಒತ್ತಿಕೊಡುವ ಹುಡುಗರೂ ಉಂಟು. ಪಾತ್ರೆ, ಹಿಟ್ಟು, ಕಟ್ಟಿಗೆಯ ಗೊಡವೆ ಅಲ್ಲಿಗೆ ತಪ್ಪಿತು. ಉಳಿದದ್ದನ್ನು ಟ್ರ್ಯಾಕ್ಟರ್ ಹೊತ್ತಿತು. ಹೀಗೆ ಬದುಕಿಗೆ ಬೇಕಾದ ಸಾಮಾನೆಲ್ಲ ಒಂದೊಂದಾಗಿ ಹೆಗಲಿನಿಂದ ಇಳಿಯಿತು. ಅದರ ಜೊತೆಗೆ ಸೀರೆಯೂ ಕಂಬಿಯೂ ಇಳಿಯಬೇಕಿತ್ತು, ಇಳಿಯಲಿಲ್ಲ. ಹೊಟ್ಟೆಗೆ, ನಿದ್ದೆಗೆ, ಮೈಗೆ ಯಾವ ಉಪಯೋಗವೂ ಇಲ್ಲದ ಸಾಮಾನೇ ಇವತ್ತು ಹೆಗಲ ಮೇಲೆ ಉಳಿದಿದೆ.

ಕಂಬಿಯನ್ನೇ ನೋಡಿ. ಬಾಗಿದ ಬಿದಿರಿನ ಗಳ. ಎರಡು ತುದಿಗೆ ಎರಡು ಹೊರೆ ತೂಗುಹಾಕಿ ನಡು ಹೆಗಲ ಮೇಲೆ ಇಟ್ಟು ನಡೆಯುವುದು ನಮ್ಮ ನಾಡಿನಲ್ಲಿ ಭಾರ ಸಾಗಿಸುವ ಹಳೆಯ ಉಪಾಯ. ಎರಡೂ ಕಡೆ ಸಮತೂಕವಿದ್ದರೆ ಬಿದಿರಿನ ಬಳುಕು ನಡಿಗೆಯ ಲಯಕ್ಕೆ ಕೂಡಿ ಹೆಗಲಿಗೆ ಪೆಟ್ಟು ಕಡಿಮೆ. ಮಲ್ಲಯ್ಯನ ಕಂಬಿಯಲ್ಲಿ ಆ ಹೊರುವ ಗಳವೇ ಪೂಜೆಯ ವಸ್ತುವಾಗಿದೆ. ಅದಕ್ಕೆ ಬಟ್ಟೆ ಸುತ್ತಿ, ಗೆಜ್ಜೆ ಕಟ್ಟಿ, ಹೂವು ಏರಿಸಿ ಸಿಂಗರಿಸುತ್ತಾರೆ. ವರ್ಷವಿಡೀ ಮಠದಲ್ಲೋ ಮನೆಯಲ್ಲೋ ಇರುವ ಕಂಬಿ ಹೊರಡುವ ಮುಂಚೆ ಊರೊಳಗೆ ಪೂಜೆಗೊಳ್ಳುತ್ತದೆ. ದಾರಿಯುದ್ದಕ್ಕೂ ಹೆಗಲಿಂದ ಹೆಗಲಿಗೆ ಬದಲಾಗುತ್ತ ಸಾಗುತ್ತದೆ. ಮರಳಿ ಬಂದ ಮೇಲೆ ಐದೇಶಿ ಎಂಬ ಆಚರಣೆ ಮಾಡಿ ಊರಿಗೆ ಉಣಿಸುವ ರೂಢಿ ಹಲವೆಡೆ ಇದೆ. ಕಂಬಿ ಹೊತ್ತವನನ್ನು ತಂಡ ಎಂದೂ ಹಿಂದೆ ಬಿಡುವುದಿಲ್ಲ. ಅವನ ನಡಿಗೆಯೇ ತಂಡದ ನಡಿಗೆ. ಬರಿಗೈಯವರು ಬೇಗ ಬೇಗ ಮುಂದೆ ಹೋಗಿ ಚದುರದಂತೆ ಆ ಭಾರವೇ ಎಲ್ಲರನ್ನೂ ಒಂದು ಗತಿಗೆ ಕಟ್ಟುತ್ತದೆ. ಕಾಡಿನಲ್ಲಿ, ಕತ್ತಲಲ್ಲಿ, ಮುದುಕರು-ಮಕ್ಕಳು ಜೊತೆಗಿರುವ ಗುಂಪಿಗೆ ಇದು ಸಣ್ಣ ಉಪಕಾರವಲ್ಲ.

ಮರಗಾಲಿನವರದು ಇನ್ನೂ ಕಠಿಣ ಹರಕೆ. ಉದ್ದನೆಯ ಕಟ್ಟಿಗೆಯ ಕಾಲು ಕಟ್ಟಿಕೊಂಡು ಕಲ್ಲುದಾರಿಯಲ್ಲಿ, ನಲ್ಲಮಲದ ಇಳಿಜಾರಿನಲ್ಲಿ ನಡೆಯುತ್ತಾರೆ. ಅವರು ಹಾಯ್ದು ಹೋಗುವಾಗ ಉಳಿದವರು ತಾವಾಗಿ ಬದಿಗೆ ಸರಿದು ಉಘೇ ಎನ್ನುತ್ತಾರೆ.

ಇಂಡಿ, ಚಡಚಣ ಕಡೆಯ ವಾರಕರಿಗಳಲ್ಲೂ ಇಂಥದೇ ಒಂದು ಹೊರೆ ಇದೆ. ಭೀಮೆಯ ದಂಡೆಯ ಪಂಢರಪುರಕ್ಕೆ ಹೊರಟ ದಿಂಡಿಯಲ್ಲಿ ಹೆಂಗಸರ ತಲೆಯ ಮೇಲೆ ತುಳಸಿ ವೃಂದಾವನ, ಗಂಡಸರ ಕೊರಳಲ್ಲಿ ಮೃದಂಗ, ವೀಣೆ. ಮಣ್ಣು ತುಂಬಿದ ಗಿಡವನ್ನು ತಲೆಯ ಮೇಲೆ ಹೊತ್ತು ಅಷ್ಟು ದೂರ ನಡೆಯುವವರಿಗೆ ಚೀಲದ ತೂಕದ ಲೆಕ್ಕ ಹೇಳಿಕೊಡಲು ನಾನಂತೂ ಹೋಗಲಾರೆ.

ಈಗ ಸೀರೆಗೆ ಬರೋಣ, ನನಗೆ ಎಲ್ಲಕ್ಕಿಂತ ಪ್ರೀತಿಯದು ಅದೇ. ಶ್ರೀಶೈಲದ ಭ್ರಮರಾಂಬೆ ನಮ್ಮ ಜನಕ್ಕೆ ಮನೆಮಗಳು. ಮಲ್ಲಯ್ಯ ಅಳಿಯ. ದೂರ ಕೊಟ್ಟ ಮಗಳನ್ನು ವರ್ಷಕ್ಕೊಮ್ಮೆ ಹಬ್ಬಕ್ಕೆ ನೋಡಿ ಬರುವ ತವರಿನವರು ಬರಿಗೈಯಲ್ಲಿ ಹೋಗುತ್ತಾರೆಯೇ? ಸೀರೆ, ಕುಪ್ಪಸ, ಅರಿಷಿಣ, ಕುಂಕುಮ, ಬಳೆ ಒಯ್ದು ಉಡಿ ತುಂಬಬೇಕು. ಎರಡು ನದಿ ದಾಟಿ, ಬೇರೆ ಮಾತಿನ ಸೀಮೆಗೆ ಹೆಣ್ಣು ಕೊಟ್ಟು, ಅವಳ ಸುದ್ದಿಗಾಗಿ ವರ್ಷವಿಡೀ ಕಾದ ಎಷ್ಟೋ ತಾಯಂದಿರ ಅನುಭವ ಈ ನಂಬಿಕೆಯ ಹಿಂದೆ ಇದ್ದೀತು. ಹಲಸಂಗಿ ಗೆಳೆಯರು ಇಂಡಿ ಸೀಮೆಯಲ್ಲಿ ತಿರುಗಿ ಹಾಡು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಹೊರತಂದಾಗ ಅದರಲ್ಲಿ ತವರಿನ ಹಂಬಲ ಅಷ್ಟು ತುಂಬಿದ್ದದ್ದು ಸುಮ್ಮನೆ ಅಲ್ಲ. ಬೀಸುವ ಕಲ್ಲಿನ ಮುಂದೆ ತವರನ್ನು ನೆನೆದ ಹೆಂಗಸರೇ ಯುಗಾದಿಗೆ ಇನ್ನೊಬ್ಬ ಮಗಳ ತವರಾಗಿ ಹೊರಟರು. ಮಗಳಿಗೆ ತವರಿನ ಸೀರೆ ಅದರ ಬೆಲೆಯಿಂದ ದೊಡ್ಡದಾಗುವುದಿಲ್ಲ, ಹೊತ್ತು ತಂದ ಕೈಯಿಂದ ದೊಡ್ಡದಾಗುತ್ತದೆ. ಗಾಡಿಗೆ ಹಾಕದಿರುವ ಹಟದ ಹಿಂದಿನ ಮಾತು ಇದು.

ಸೀರೆಯ ಆಯ್ಕೆಯೂ ಊರಿನದೇ. ಕೃಷ್ಣೆಯ ಆಚೆಗೆ ಇಳಕಲ್. ಅಲ್ಲಿನ ನೇಕಾರರು ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಒಂದೊಂದೇ ಎಳೆ ಜೋಡಿಸಿ ನೇಯುತ್ತಾರೆ. ಕೆಂಪು ಸೆರಗು, ಅದರ ಮೇಲೆ ಬಿಳಿ ಟೋಪಿ ತೆನೆ. ಕುಪ್ಪಸಕ್ಕೆ ಗುಳೇದಗುಡ್ಡದ ಖಣ. ಹಗುರವಾದ ಪಾಲಿಸ್ಟರ್ ಸೀರೆ ಸಂತೆಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಒಯ್ಯುವವರೂ ಇದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅನುಕೂಲವಿದ್ದವರು ತಾವು ಉಡುವುದಕ್ಕಿಂತ ಒಂದು ಕೈ ಮೇಲಿನದನ್ನೇ ಕೊಳ್ಳುತ್ತಾರೆ. ಬೆವರು ತಾಗದಂತೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಮೇಲೊಂದು ಒಗೆದ ಬಟ್ಟೆ ಕಟ್ಟಿ, ಮಲಗುವಾಗ ತಲೆಯ ಬದಿಗೆ ಇಟ್ಟುಕೊಳ್ಳುತ್ತಾರೆ. ತಾವು ನೆಲದ ಮೇಲೆ, ಸೀರೆ ಮಾತ್ರ ಮಡಿಕೆ ಮುರಿಯದಂತೆ.

ಇದರ ಮೇಲೆ ಓಣಿಯವರ ಭಾರ. ಮೊಣಕಾಲು ನೋವಿನ ಅತ್ತೆ, ಹಸಿ ಬಾಣಂತಿ, ದುಡಿಯಲು ಪುಣೆಗೋ ಗೋವೆಗೋ ಹೋದ ಮನೆಯವರು, ಹೀಗೆ ನಡೆಯಲಾಗದ ಮನೆಗಳಿಂದ ಒಂದೊಂದು ಖಣ, ಒಂದು ಕಾಯಿ, ಅರಿಷಿಣದಲ್ಲಿ ಅದ್ದಿದ ಬಟ್ಟೆಯಲ್ಲಿ ಗಂಟು ಹಾಕಿದ ಹರಕೆಯ ಕಾಸು. ನಡೆಯುವವಳು ಯಾವುದು ಯಾರದೆಂದು ಬರೆದುಕೊಳ್ಳುವುದಿಲ್ಲ, ಗಂಟಿನ ಬಣ್ಣದಿಂದಲೇ ಅವಳಿಗೆ ಗೊತ್ತು. ಗುಡಿಯಲ್ಲಿ ನೂಕುನುಗ್ಗಲಿನ ನಡುವೆಯೂ ಒಂದೊಂದು ಮನೆಯ ಹೆಸರು ಹಿಡಿದು ಒಪ್ಪಿಸುತ್ತಾಳೆ.

ಈಚಿನ ವರ್ಷಗಳಲ್ಲಿ ಸಿಂದಗಿ, ಬಾಗೇವಾಡಿಯ ಕಾಲೇಜು ಹುಡುಗರು ದೊಡ್ಡ ಸಂಖ್ಯೆಯಲ್ಲಿ ಹೊರಡುತ್ತಿದ್ದಾರೆ. ಅವರ ಬೆನ್ನಿಗೆ ಟ್ರೆಕ್ಕಿಂಗ್ ಬ್ಯಾಗು, ಕಾಲಿಗೆ ಸ್ಪೋರ್ಟ್ಸ್ ಶೂ, ಪವರ್ ಬ್ಯಾಂಕು, ಹಾಡು ಹಚ್ಚಲು ಸ್ಪೀಕರ್. ತಾಳ, ದಪ್ಪು, ಏಕತಾರಿ ಹೊತ್ತವರ ಜಾಗವನ್ನು ಸ್ಪೀಕರ್ ಹಿಡಿದಿರುವುದು ನನಗೆ ಬೇಸರದ ಸಂಗತಿ, ಯಾಕೆಂದರೆ ಹಾಡುತ್ತ ನಡೆದವರಿಗೆ ದಾರಿ ಸವೆದದ್ದು ತಿಳಿಯುತ್ತಿರಲಿಲ್ಲ. ಆದರೂ ಹುಡುಗರ ಮೇಲೆ ನನಗೆ ಭರವಸೆಯಿದೆ. ಹೊರಡುವ ಮುನ್ನ ಅವರ ಫೋನುಗಳಲ್ಲಿ ಸಾಮಾನಿನ ಪಟ್ಟಿ ಓಡಾಡುತ್ತದೆ: ಓಆರ್‌ಎಸ್, ಬ್ಯಾಟರಿ, ಕಾಲುಚೀಲ ಎರಡು ಜೊತೆ, ಕಾಡಿನಲ್ಲಿ ಪ್ಲಾಸ್ಟಿಕ್ ಬಿಸಾಡಬೇಡಿ. ಸೀರೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಅದನ್ನು ಶಿವರಾತ್ರಿ ಮುಗಿಯುತ್ತಲೇ ಅವ್ವಂದಿರು ತಂದಿಟ್ಟಿರುತ್ತಾರೆ. ತಾವು ಹೋಗಲಾಗದ ವರ್ಷ ಅದನ್ನು ಮಗನ ಟ್ರೆಕ್ಕಿಂಗ್ ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟು, ಜಿಪ್ ಎಳೆದು, ಯಾರ ಹೆಸರಲ್ಲಿ ಉಡಿ ತುಂಬಿಸಬೇಕು ಎಂಬುದನ್ನು ಅವನಿಂದ ಎರಡೆರಡು ಸಲ ಹೇಳಿಸಿಕೊಂಡು ಕಳಿಸುತ್ತಾರೆ.